ವಿಕಲಚೇತನ ಮಕ್ಕಳ ವಯಸ್ಕ ಜೀವನಕ್ಕೆ ಪೂರ್ವಸಿದ್ಧತೆ: ಸಮುದಾಯದ ಸಹಭಾಗಿತ್ವ
(ಸೇಡಂ, ಚಿತ್ತಾಪುರ, ಶಹಾಬಾದ್ ಮತ್ತು ಚಿಂಚೋಳಿ ತಾಲ್ಲೂಕುಗಳ ಸಾರ್ವಜನಿಕರ ಮಾಹಿತಿಗಾಗಿ)

ಪೀಠಿಕೆ

ವಿಕಲಚೇತನರ ಹಕ್ಕುಗಳ ಅಧಿನಿಯಮ, 2016ರ ಪ್ರಕರಣ 31ರನ್ವಯ ಶೇ. 40 ಮತ್ತು ಅದಕ್ಕಿಂತ ಹೆಚ್ಚಿನ ವಿಕಲತೆಯುಳ್ಳ 6 ರಿಂದ 18 ವರ್ಷದ ಮಕ್ಕಳು ಉಚಿತ ಶಿಕ್ಷಣಕ್ಕೆ ಹಕ್ಕುಳ್ಳವರಾಗಿರುತ್ತಾರೆ. 18 ವರ್ಷ ತುಂಬಿದ ನಂತರ ಈ ಹಕ್ಕು ಮುಕ್ತಾಯಗೊಳ್ಳುತ್ತದೆ. ತಂದೆ-ತಾಯಿಗೆ ಇರುವ ಸ್ವಾಭಾವಿಕ ಪೋಷಕತ್ವವೂ ಅಂದಿಗೆ ಕೊನೆಗೊಳ್ಳುತ್ತದೆ. ಶಾಲೆಯ ದಿನಚರಿ ಇಲ್ಲದೆ, ಕೆಲಸವೂ ದೊರೆಯದೆ ಅನೇಕ ಯುವಜನರು ಮನೆಯಲ್ಲಿಯೇ ಉಳಿಯುವುದು ಈ ಹಂತದಲ್ಲಿಯೇ.

ಈ ಭಾಗದ ಅನೇಕ ಕುಟುಂಬಗಳು ತೊಗರಿ ಬೇಸಾಯ, ಕಲ್ಲುಗಣಿ ಹಾಗೂ ಕೂಲಿ ಕೆಲಸವನ್ನು ಅವಲಂಬಿಸಿರುತ್ತವೆ. ಒಂದು ಪ್ರಮಾಣಪತ್ರಕ್ಕಾಗಿ ಕಲಬುರಗಿಗೆ ಹೋಗಿ ಬಂದರೆ ಒಂದು ದಿನದ ಕೂಲಿ ನಷ್ಟವಾಗುತ್ತದೆ. ಆದ್ದರಿಂದ ಸಿದ್ಧತೆಯು 18ನೇ ವರ್ಷದಲ್ಲಿ ಆರಂಭವಾಗದೆ 14-15ನೇ ವರ್ಷದಲ್ಲಿಯೇ ಆರಂಭವಾಗುವುದು ಅವಶ್ಯಕ. ಇದು ಕುಟುಂಬದ ಅಥವಾ ಒಂದು ಕಛೇರಿಯ ಕಾರ್ಯ ಮಾತ್ರವಲ್ಲ. ಶಾಲೆ, ಗ್ರಾಮ ಪಂಚಾಯಿತಿ, ಉದ್ಯೋಗದಾತರು ಮತ್ತು ನೆರೆಹೊರೆಯವರ ಸಹಕಾರದಿಂದ ಆಗಬೇಕಾದ ಕಾರ್ಯ.

ಯಾರ ಪಾತ್ರವೇನು?

1. ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು: ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಇವರು ಕಾರ್ಯನಿರ್ವಹಿಸುತ್ತಾರೆ. ತಾಲ್ಲೂಕು ಮಟ್ಟದಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು, ಪಟ್ಟಣಗಳಲ್ಲಿ ನಗರ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ವಿಕಲಚೇತನರನ್ನು ಗುರುತಿಸುವುದು, ಅರ್ಜಿ ಸಲ್ಲಿಸಲು ನೆರವಾಗುವುದು ಹಾಗೂ ಸೌಲಭ್ಯಗಳ ಮಾಹಿತಿ ನೀಡುವುದು ಇವರ ಕರ್ತವ್ಯವಾಗಿರುತ್ತದೆ. ಕುಟುಂಬವು ಮೊದಲು ಸಂಪರ್ಕಿಸಬೇಕಾದವರು ಇವರೇ.

2. ಶಾಲೆ: ಪ್ರೌಢಶಾಲೆಯ ಹಂತದಲ್ಲಿಯೇ ಮಗುವಿನ ಆಸಕ್ತಿ ಮತ್ತು ಸಾಮರ್ಥ್ಯವನ್ನು ಶಿಕ್ಷಕರು ದಾಖಲಿಸುವುದು ಸೂಕ್ತ. ಹಣ ಎಣಿಸುವುದು, ಬಸ್ಸಿನಲ್ಲಿ ಪ್ರಯಾಣಿಸುವುದು, ಸಹಿ ಮಾಡುವುದು, ಅಂಗಡಿಯಿಂದ ಸಾಮಾನು ತರುವುದು ಮುಂತಾದ ರೂಢಿಗಳು ಪಠ್ಯದಷ್ಟೇ ಮುಖ್ಯ. ಉನ್ನತ ಶಿಕ್ಷಣ ಪಡೆಯಬಯಸುವವರಿಗೆ ಸರ್ಕಾರಿ ಹಾಗೂ ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇ. 5ರ ಮೀಸಲಾತಿ ಮತ್ತು ಗರಿಷ್ಠ ವಯೋಮಿತಿಯಲ್ಲಿ 5 ವರ್ಷಗಳ ಸಡಿಲಿಕೆ ಇರುತ್ತದೆ.

3. ಗ್ರಾಮ ಪಂಚಾಯಿತಿ: ವಿಕಲಚೇತನರಿಗಾಗಿ ಮೀಸಲಿಡುವ ಶೇ. 5ರ ಅನುದಾನವನ್ನು ಯಾವ ಅಗತ್ಯಕ್ಕೆ ಬಳಸಬೇಕೆಂಬುದನ್ನು ಗ್ರಾಮಸಭೆಯಲ್ಲಿ ಕೇಳಬಹುದಾಗಿದೆ. ಯುವಜನರು ತಾವೇ ಗ್ರಾಮಸಭೆಗೆ ಹಾಜರಾಗುವಂತೆ ಕುಟುಂಬವು ಪ್ರೋತ್ಸಾಹಿಸತಕ್ಕದ್ದು.

4. ಉದ್ಯೋಗದಾತರು: ಸೇಡಂ, ಮಳಖೇಡ ಮತ್ತು ವಾಡಿಯಲ್ಲಿ ಸಿಮೆಂಟ್ ಕಾರ್ಖಾನೆಗಳಿವೆ. ಅಧಿನಿಯಮದ ಪ್ರಕರಣ 21ರನ್ವಯ ಪ್ರತಿ ಸಂಸ್ಥೆಯೂ ಸಮಾನ ಅವಕಾಶ ನೀತಿಯನ್ನು ಪ್ರಕಟಿಸತಕ್ಕದ್ದು. 20 ಅಥವಾ ಹೆಚ್ಚು ನೌಕರರಿರುವ ಖಾಸಗಿ ಸಂಸ್ಥೆಯು ವಿಕಲಚೇತನರಿಗೆ ಸೂಕ್ತವಾದ ಹುದ್ದೆಗಳನ್ನು ತನ್ನ ನೀತಿಯಲ್ಲಿ ತಿಳಿಸಬೇಕು. ಗಣಿ ಅಥವಾ ಯಂತ್ರದ ಕೆಲಸ ಎಲ್ಲರಿಗೂ ಹೊಂದುವುದಿಲ್ಲ; ಆದರೆ ಉಗ್ರಾಣ, ಕಛೇರಿ, ಕ್ಯಾಂಟೀನ್, ತೋಟಗಾರಿಕೆ ಮುಂತಾದ ವಿಭಾಗಗಳಲ್ಲಿ ಅವಕಾಶವಿದೆಯೇ ಎಂದು ವಿಚಾರಿಸಬಹುದಾಗಿದೆ. ಸರ್ಕಾರಿ ಹುದ್ದೆಗಳಲ್ಲಿ ಅಧಿನಿಯಮದ ಪ್ರಕಾರ ಕನಿಷ್ಠ ಶೇ. 4ರ ಮೀಸಲಾತಿ ಇರುತ್ತದೆ.

ಕಾನೂನುಬದ್ಧ ಪೋಷಕತ್ವ

ದೃಷ್ಟಿದೋಷ, ಶ್ರವಣದೋಷ ಅಥವಾ ದೈಹಿಕ ವಿಕಲತೆ ಇದೆಯೆಂಬ ಕಾರಣಕ್ಕೆ 18 ವರ್ಷ ತುಂಬಿದವರಿಗೆ ಪೋಷಕರನ್ನು ನೇಮಿಸುವ ಅಗತ್ಯವಿರುವುದಿಲ್ಲ. ಅವರ ಬ್ಯಾಂಕ್ ಖಾತೆ, ಮತ, ಆಸ್ತಿ ಮತ್ತು ವಿವಾಹದ ನಿರ್ಧಾರ ಅವರದೇ ಆಗಿರುತ್ತದೆ.

ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವಿಕಲತೆ ಅಥವಾ ಬಹುವಿಧ ವಿಕಲತೆಯುಳ್ಳವರಿಗೆ ಅವಶ್ಯಕತೆ ಕಂಡುಬಂದಲ್ಲಿ ಮಾತ್ರ ರಾಷ್ಟ್ರೀಯ ನ್ಯಾಸ ಅಧಿನಿಯಮ, 1999ರಡಿ ಪೋಷಕರನ್ನು ನೇಮಿಸಬಹುದಾಗಿದೆ. ಜಿಲ್ಲಾಧಿಕಾರಿ, ನೋಂದಾಯಿತ ಸಂಸ್ಥೆಯ ಪ್ರತಿನಿಧಿ ಮತ್ತು ಒಬ್ಬ ವಿಕಲಚೇತನ ವ್ಯಕ್ತಿಯನ್ನೊಳಗೊಂಡ ಸ್ಥಳೀಯ ಮಟ್ಟದ ಸಮಿತಿಯು ಅರ್ಜಿಯನ್ನು ಪರಿಶೀಲಿಸುತ್ತದೆ. ವ್ಯಕ್ತಿಯ ಆಸ್ತಿಯ ಹೊಣೆ ವಹಿಸಿಕೊಂಡ ಪೋಷಕರು 6 ತಿಂಗಳೊಳಗೆ ಆಸ್ತಿಯ ಪಟ್ಟಿಯನ್ನೂ, ಪ್ರತಿ ಆರ್ಥಿಕ ವರ್ಷ ಮುಗಿದ 3 ತಿಂಗಳೊಳಗೆ ಲೆಕ್ಕಪತ್ರವನ್ನೂ ಸಲ್ಲಿಸತಕ್ಕದ್ದು. "ನಮ್ಮ ನಂತರ ಮಗುವಿಗೆ ಯಾರು?" ಎಂಬ ಚಿಂತೆಯುಳ್ಳ ತಂದೆ-ತಾಯಿಯು ಜೀವಂತವಿರುವಾಗಲೇ ಈ ಬಗ್ಗೆ ಒಡಹುಟ್ಟಿದವರು ಮತ್ತು ಬಂಧುಗಳೊಂದಿಗೆ ಚರ್ಚಿಸುವುದು ಒಳಿತು. ಚರ್ಚೆಯಲ್ಲಿ ಆ ಯುವಕ ಅಥವಾ ಯುವತಿಯ ಇಚ್ಛೆಯನ್ನು ಕೇಳತಕ್ಕದ್ದು. ಇದೇ ನಾಲ್ಕು ವಿಕಲತೆಗಳುಳ್ಳವರಿಗೆ "ನಿರಾಮಯ" ಆರೋಗ್ಯ ವಿಮೆಯಡಿ ವಾರ್ಷಿಕ ರೂ. 1 ಲಕ್ಷದವರೆಗೆ ರಕ್ಷಣೆ ಇರುತ್ತದೆ.

18 ವರ್ಷ ತುಂಬುವ ವೇಳೆಗೆ ಪೂರೈಸಬೇಕಾದವು

ಅ) ವಿಶಿಷ್ಟ ಗುರುತಿನ ಚೀಟಿ (ಯು.ಡಿ.ಐ.ಡಿ.). ಬಾಲ್ಯದಲ್ಲಿ ಪಡೆದ ಪ್ರಮಾಣಪತ್ರವು ತಾತ್ಕಾಲಿಕವಾಗಿದ್ದಲ್ಲಿ ಅವಧಿ ಮುಗಿಯುವ ಮುನ್ನ ನವೀಕರಿಸತಕ್ಕದ್ದು.
ಆ) ಸ್ವಂತ ಹೆಸರಿನಲ್ಲಿ ಬ್ಯಾಂಕ್ ಖಾತೆ.
ಇ) ಮತದಾರರ ಪಟ್ಟಿಯಲ್ಲಿ ಹೆಸರು ಸೇರ್ಪಡೆಗೆ ನಮೂನೆ 6.
ಈ) ಜಿಲ್ಲಾ ಉದ್ಯೋಗ ವಿನಿಮಯ ಕಛೇರಿಯಲ್ಲಿ ನೋಂದಣಿ.
ಉ) ಅರ್ಹರಿದ್ದಲ್ಲಿ ಮಾಸಾಶನಕ್ಕಾಗಿ ನಾಡಕಛೇರಿಯಲ್ಲಿ ಅರ್ಜಿ.

ಹೆಚ್ಚಿನ ಮಾಹಿತಿಗಾಗಿ ಆಯಾ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು, ತಾಲ್ಲೂಕು ಪಂಚಾಯಿತಿ ಕಛೇರಿಯನ್ನು ಅಥವಾ ಕಲಬುರಗಿಯ ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಗಳ ಕಛೇರಿಯನ್ನು ಸಂಪರ್ಕಿಸಬಹುದಾಗಿದೆ.