ಓಆರ್‌ಎಸ್: ಒಂದು ಲೀಟರ್ ನೀರಿನ ಲೆಕ್ಕ

ಓಆರ್‌ಎಸ್ ಎಂದರೇನು?

ವಾಂತಿಭೇದಿಯಿಂದ ಮಗುವಿನ ದೇಹ ಕಳೆದುಕೊಂಡ ನೀರನ್ನೂ ಲವಣಗಳನ್ನೂ ಬಾಯಿಯ ಮೂಲಕವೇ ಮರಳಿ ತುಂಬುವ ಪುಡಿಗೆ ಓಆರ್‌ಎಸ್, ಅಂದರೆ ಓರಲ್ ರೀಹೈಡ್ರೇಷನ್ ಸಾಲ್ಟ್ಸ್ ಎಂದು ಹೆಸರು. ಪುನರ್ಜಲೀಕರಣ ಲವಣ ಎಂದು ಕನ್ನಡದಲ್ಲಿ ಹೇಳಬಹುದಾದರೂ, ಔಷಧ ಅಂಗಡಿಯಲ್ಲಿ ಹಾಗೆ ಕೇಳಿದರೆ ಯಾರಿಗೂ ತಿಳಿಯದು. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತೆ ಒಂದು ಲೀಟರ್ ದ್ರಾವಣಕ್ಕೆ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಅಡುಗೆ ಉಪ್ಪು, 2.9 ಗ್ರಾಂ ಟ್ರೈಸೋಡಿಯಂ ಸಿಟ್ರೇಟ್ ಮತ್ತು 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್ ಬೇಕು. ಒಟ್ಟು ತೂಕ 20.5 ಗ್ರಾಂ.

ಭೇದಿಯನ್ನು ನಿಲ್ಲಿಸುವುದು ಇದರ ಕೆಲಸವಲ್ಲ. ಎರಡು ಲೋಟ ಕುಡಿಸಿದ ಮೇಲೂ ಮಗುವಿಗೆ ಭೇದಿಯಾಗುತ್ತಲೇ ಇದ್ದರೆ ಔಷಧ ಸೋತಿತೆಂದು ಅನೇಕ ತಂದೆತಾಯಿಯರು ಅದನ್ನು ಕೈಬಿಡುತ್ತಾರೆ. ಸಾಮಾನ್ಯ ಭೇದಿ ಕೆಲವು ದಿನಗಳಲ್ಲಿ ತಾನಾಗಿ ನಿಲ್ಲುತ್ತದೆ. ಮಗುವಿನ ಜೀವಕ್ಕೆ ಎರವಾಗುವುದು ಭೇದಿಗಿಂತ ಹೆಚ್ಚಾಗಿ ಅದರಿಂದಾಗುವ ನಿರ್ಜಲೀಕರಣ. ಆ ದಿನಗಳನ್ನು ಮಗು ಒಣಗದಂತೆ ದಾಟಿಸುವುದು ಓಆರ್‌ಎಸ್‌ನ ಹೊಣೆ.

ಸಕ್ಕರೆಗೆ ಇಲ್ಲೇನು ಕೆಲಸ?

ಸಕ್ಕರೆಯನ್ನು ರುಚಿಗಾಗಿ ಅಥವಾ ಶಕ್ತಿಗಾಗಿ ಸೇರಿಸುತ್ತಾರೆಂಬುದು ಸಾಮಾನ್ಯ ನಂಬಿಕೆ. ನಿಜವಾದ ಕಾರಣ ಇದಕ್ಕಿಂತ ಸ್ವಾರಸ್ಯಕರವಾದದ್ದು.

ವಯಸ್ಕರ ಸಣ್ಣ ಕರುಳಿಗೆ ಪ್ರತಿದಿನ ಸುಮಾರು ಎಂಟು ಲೀಟರ್ ದ್ರವ ಬಂದು ಸೇರುತ್ತದೆ. ಕುಡಿದ ನೀರು ಅದರಲ್ಲೊಂದು ಪಾಲು ಮಾತ್ರ. ಉಳಿದದ್ದು ಜೊಲ್ಲು, ಜಠರರಸ, ಪಿತ್ತರಸ ಮೊದಲಾದವು. ಇದರಲ್ಲಿ ಬಹುಪಾಲನ್ನು ಕರುಳು ಹೀರಿ ರಕ್ತಕ್ಕೆ ಮರಳಿಸುವುದರಿಂದ ಮಲದೊಡನೆ ಹೊರಹೋಗುವುದು ಇನ್ನೂರು ಮಿಲಿಲೀಟರಿನೊಳಗೆ. ನೀರಿಗೆ ಸ್ವಂತ ನಡೆಯಿಲ್ಲ. ಸೋಡಿಯಂ ಹೋದ ಕಡೆ ಅದು ಹಿಂಬಾಲಿಸುತ್ತದೆ. ಸೋಡಿಯಂ ಒಳಹೋಗಲು ಕರುಳಿನ ಗೋಡೆಯಲ್ಲಿ ಹಲವು ದಾರಿಗಳಿವೆ. ಅವುಗಳಲ್ಲೊಂದು ದಾರಿಯಲ್ಲಿ ಅದು ಗ್ಲೂಕೋಸ್‌ನ ಜೊತೆಗೂಡಿಯೇ ಸಾಗಬೇಕು: ಒಂದು ಗ್ಲೂಕೋಸ್ ಅಣುವಿಗೆ ಎರಡು ಸೋಡಿಯಂ ಅಯಾನು. ಈ ಜೋಡಿ ಸಾಗಣೆಯನ್ನು ರಾಬರ್ಟ್ ಕ್ರೇನ್ ಎಂಬ ಜೀವರಸಾಯನ ವಿಜ್ಞಾನಿ 1960ರಲ್ಲಿ ಪ್ರತಿಪಾದಿಸಿದರು.

ಕಾಲರಾ ವಿಷವು ಕರುಳಿನಿಂದ ಲವಣವನ್ನೂ ನೀರನ್ನೂ ಹೊರಗೆ ಹರಿಸುತ್ತದೆ, ಇತರ ಹೀರಿಕೆಯ ದಾರಿಗಳನ್ನು ಕೆಡಿಸುತ್ತದೆ. ಆದರೆ ಗ್ಲೂಕೋಸ್‌ನ ಬಾಗಿಲನ್ನು ಅದು ಮುಟ್ಟುವುದಿಲ್ಲ. ರೋಟಾವೈರಸ್ ಸೋಂಕಿನಲ್ಲಿಯೂ ಕರುಳಿನ ಸಾಕಷ್ಟು ಭಾಗ ಕೆಲಸಮಾಡುತ್ತಿರುತ್ತದೆ. ಬರಿಯ ನೀರು ಕುಡಿಸಿದರೆ ನಿಲ್ಲದೆ ಹರಿದುಹೋಗುವಾಗ, ಅದಕ್ಕೇ ಅಳತೆಯಿಂದ ಉಪ್ಪು, ಗ್ಲೂಕೋಸ್ ಬೆರೆಸಿ ಕುಡಿಸಿದರೆ ರಕ್ತಕ್ಕೆ ಸೇರುವುದು ಹೀಗೆ.

ಅಳತೆ ತಪ್ಪಿದರೆ ಮಾತ್ರ ಲೆಕ್ಕ ತಿರುಗುಮುರುಗಾಗುತ್ತದೆ. ಸಕ್ಕರೆ ಹೆಚ್ಚಾದರೆ ಕರುಳಿನೊಳಗಿನ ಸಾಂದ್ರತೆ ಏರಿ, ರಕ್ತದ ನೀರೇ ಕರುಳಿಗೆ ಸೆಳೆಯಲ್ಪಟ್ಟು ಭೇದಿ ಹೆಚ್ಚುತ್ತದೆ. ಹಳೆಯ ಸೂತ್ರದ ಸಾಂದ್ರತೆ ಲೀಟರಿಗೆ 311 ಮಿಲಿಆಸ್ಮೋಲ್ ಇದ್ದು, ಈ ಶತಮಾನದ ಆರಂಭದಲ್ಲಿ ಅದನ್ನು 245ಕ್ಕೆ ಇಳಿಸಲಾಯಿತು.

ಬನಗಾಂವ್‌ನ ಶಿಬಿರ

1953ರಲ್ಲಿಯೇ ಕಲ್ಕತ್ತೆಯ ಹೇಮೇಂದ್ರನಾಥ ಚಟರ್ಜಿ ಕಾಲರಾ ರೋಗಿಗಳಿಗೆ ಬಾಯಿಯ ಮೂಲಕ ದ್ರಾವಣ ಕೊಟ್ಟ ಅನುಭವವನ್ನು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದ್ದರು. 1968ರಲ್ಲಿ ಢಾಕಾದಲ್ಲಿ ಡೇವಿಡ್ ನ್ಯಾಲಿನ್ ಮತ್ತು ರಿಚರ್ಡ್ ಕ್ಯಾಶ್ ಇದನ್ನು ಕ್ರಮಬದ್ಧವಾಗಿ ಪರೀಕ್ಷಿಸಿದರು. ಆದರೂ ರಕ್ತನಾಳದ ಡ್ರಿಪ್ ಬಿಟ್ಟರೆ ಬೇರೆ ಚಿಕಿತ್ಸೆಯಿಲ್ಲ ಎಂಬ ವೈದ್ಯರ ನಂಬಿಕೆ ಸಡಿಲವಾಗಿರಲಿಲ್ಲ.

1971ರ ಬಾಂಗ್ಲಾದೇಶ ಯುದ್ಧ ಅದನ್ನು ಸಡಿಲಿಸಿತು. ಗಡಿಯ ಬನಗಾಂವ್‌ಗೆ ಬಂದ ನಿರಾಶ್ರಿತರಲ್ಲಿ ಕಾಲರಾ ಹಬ್ಬಿದಾಗ ಡ್ರಿಪ್ ದ್ರವ ಸಾಲದೆ ಹೋಯಿತು. ಡಾ. ದಿಲೀಪ್ ಮಹಾಲನಬಿಸ್ ಗ್ಲೂಕೋಸ್, ಉಪ್ಪು ಮತ್ತು ಅಡುಗೆ ಸೋಡಾ ಬೆರೆಸಿ ಚೀಲಗಳಲ್ಲಿ ತುಂಬಿಸಿ, ಡ್ರಮ್ಮುಗಳಲ್ಲಿ ಕದಡಿ, ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ಶೇಕಡ 30ರ ಸುಮಾರಿನಲ್ಲಿದ್ದ ಸಾವಿನ ಪ್ರಮಾಣ 3.6ಕ್ಕೆ ಇಳಿಯಿತು. ಅವರಿಗೆ ಪದ್ಮವಿಭೂಷಣ ಬಂದದ್ದು 2023ರಲ್ಲಿ, ಅವರು ತೀರಿಕೊಂಡ ಮರುವರ್ಷ.

ಬಾಂಗ್ಲಾದೇಶದ ಬ್ರಾಕ್ ಸಂಸ್ಥೆ 1980ರಿಂದ ಮನೆಮನೆಗೆ ಹೋಗಿ ತಾಯಂದಿರಿಗೆ ಕಲಿಸಿದ್ದು ಇದರ ಹಳ್ಳಿಯ ರೂಪ: ಮೂರು ಬೆರಳಿನ ಒಂದು ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು.

ಬೆರೆಸುವುದು, ಕುಡಿಸುವುದು

ದೊಡ್ಡ ಪೊಟ್ಟಣವನ್ನು ಪೂರ್ತಿಯಾಗಿ, ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಒಮ್ಮೆಲೇ ಹಾಕಬೇಕು. ಲೋಟಕ್ಕೆ ಒಂದೊಂದು ಚಮಚ ಪುಡಿಯಂತೆ ಬೆರೆಸುವುದು ಬಹಳ ಮನೆಗಳಲ್ಲಿ ಆಗುವ ತಪ್ಪು. ಹಾಗೆ ಮಾಡಿದಾಗ ಉಪ್ಪಿನ ಪ್ರಮಾಣ ಏರುಪೇರಾಗುತ್ತದೆ. 200 ಮಿಲಿಲೀಟರಿಗೆಂದೇ ಮಾಡಿದ ಚಿಕ್ಕ ಪೊಟ್ಟಣಗಳೂ ಇರುವುದರಿಂದ ಮೇಲಿನ ಅಳತೆಯನ್ನು ಓದದೆ ಕತ್ತರಿಸಬಾರದು. ಹಾಲು, ಹಣ್ಣಿನ ರಸ, ಹೆಚ್ಚಿನ ಸಕ್ಕರೆ ಯಾವುದನ್ನೂ ಸೇರಿಸಬಾರದು. ಕದಡಿದ ದ್ರಾವಣವನ್ನು 24 ಗಂಟೆಗಳ ಬಳಿಕ ಚೆಲ್ಲಬೇಕು.

ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಭೇದಿಯ ನಂತರ 50ರಿಂದ 100 ಮಿಲಿಲೀಟರ್, ಅದಕ್ಕಿಂತ ದೊಡ್ಡ ಮಕ್ಕಳಿಗೆ 100ರಿಂದ 200 ಮಿಲಿಲೀಟರ್ ಕೊಡಬೇಕು. ಪುಟ್ಟ ಮಗುವಿಗೆ ಒಂದೆರಡು ನಿಮಿಷಕ್ಕೊಂದು ಚಮಚ ಸಾಕು. ವಾಂತಿಯಾದರೆ ಹತ್ತು ನಿಮಿಷ ಕಾದು, ಇನ್ನೂ ನಿಧಾನವಾಗಿ ಮತ್ತೆ ಆರಂಭಿಸಬೇಕು. ಇದಕ್ಕೆ ಬೇಕಾದದ್ದು ಬುದ್ಧಿವಂತಿಕೆಗಿಂತ ತಾಳ್ಮೆ. ಆ ರಾತ್ರಿ ಯಾರಾದರೊಬ್ಬರು ಚಮಚ ಹಿಡಿದು ಎಚ್ಚರವಾಗಿ ಕೂರಲೇಬೇಕಾಗುತ್ತದೆ.

ಜೊತೆಗೆ ಸತುವಿನ ಮಾತ್ರೆಯನ್ನು 14 ದಿನ ಕೊಡುವ ಕ್ರಮವಿದೆ: ಎರಡರಿಂದ ಆರು ತಿಂಗಳವರೆಗೆ ದಿನಕ್ಕೆ 10 ಮಿಲಿಗ್ರಾಂ, ಆಮೇಲೆ 20. ಎದೆಹಾಲನ್ನು ನಿಲ್ಲಿಸಬಾರದು. ಹೊಟ್ಟೆಗೆ ವಿಶ್ರಾಂತಿ ಬೇಕೆಂದು ಮಗುವನ್ನು ಉಪವಾಸ ಕೆಡಹುವ ಅಜ್ಜಿಯ ಕಾಲದ ಪದ್ಧತಿ ಅಪಾಯಕರ; ಆದರೆ ಅದೇ ಅಜ್ಜಿ ಮಾಡುವ ಉಪ್ಪು ಹಾಕಿದ ಗಂಜಿನೀರು, ತೆಳು ಮಜ್ಜಿಗೆ ಒಳ್ಳೆಯವು.

ಹೆಸರಿನ ಗೊಂದಲ

ಓಆರ್‌ಎಸ್ ಎಂಬ ಅಕ್ಷರಗಳನ್ನು ಹೊತ್ತ ಸಿಹಿ ಪಾನೀಯಗಳು ಔಷಧ ಅಂಗಡಿಗಳಲ್ಲೇ ವರ್ಷಗಟ್ಟಲೆ ಮಾರಾಟವಾದವು. ಅವುಗಳಲ್ಲಿ ಸಕ್ಕರೆ ಮಿತಿಮೀರಿತ್ತು. ಭಾರತೀಯ ಆಹಾರ ಸುರಕ್ಷತಾ ಪ್ರಾಧಿಕಾರವು 2025ರ ಅಕ್ಟೋಬರಿನಲ್ಲಿ ಪಾನೀಯಗಳ ಹೆಸರಿನಲ್ಲಿ ಆ ಪದದ ಬಳಕೆಯನ್ನು ನಿಷೇಧಿಸಿತು. ಕೊಳ್ಳುವಾಗ ಪೊಟ್ಟಣದ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಎಂಬ ನಮೂದನ್ನು ನೋಡಿಕೊಳ್ಳುವುದು ಕ್ಷೇಮ.

ಆಸ್ಪತ್ರೆಗೆ ಯಾವಾಗ?

ಮಗು ಮಂಕಾಗಿ ಎಬ್ಬಿಸಿದರೂ ಏಳದಿದ್ದರೆ, ಕುಡಿಯಲಾರದೆ ಹೋದರೆ, ಕಣ್ಣು ಗುಳಿಬಿದ್ದಿದ್ದರೆ, ಹೊಟ್ಟೆಯ ಚರ್ಮವನ್ನು ಚಿವುಟಿ ಬಿಟ್ಟಾಗ ಅದು ನಿಧಾನವಾಗಿ ಕೆಳಗಿಳಿದರೆ ತಡಮಾಡಬಾರದು. ಕುಡಿದದ್ದೆಲ್ಲ ವಾಂತಿಯಾಗುವುದು, ಮಲದಲ್ಲಿ ರಕ್ತ ಕಾಣುವುದು, ಗಂಟೆಗಟ್ಟಲೆ ಮೂತ್ರವಾಗದಿರುವುದು ಸಹ ಅಪಾಯದ ಸೂಚನೆಗಳು. ಎರಡು ತಿಂಗಳಿಗಿಂತ ಚಿಕ್ಕ ಕೂಸಾದರೆ ಈ ಲಕ್ಷಣಗಳಿಗಾಗಿ ಕಾಯುವಂತೆಯೇ ಇಲ್ಲ. ದಾರಿಯುದ್ದಕ್ಕೂ, ನುಂಗುವಷ್ಟು ಎಚ್ಚರವಿರುವ ಮಗುವಿಗೆ ಓಆರ್‌ಎಸ್ ಚಮಚ ನಿಲ್ಲಬಾರದು.

ಪ್ರವಾಸದ ಚೀಲದಲ್ಲಿ

ಜಾತ್ರೆ, ಮದುವೆ, ರಜೆಯ ಪ್ರವಾಸಗಳಲ್ಲಿ ನೀರು ಬದಲಾಗುತ್ತದೆ, ಮಕ್ಕಳು ಕೈತೊಳೆಯುವುದನ್ನು ಮರೆಯುತ್ತಾರೆ. ಹೊರಡುವಾಗ ಎರಡು ದೊಡ್ಡ ಪೊಟ್ಟಣ, ಒಂದು ಚಮಚ ಜೊತೆಗಿದ್ದರೆ ಸಾಕು. ಅಳತೆಯ ಪಾತ್ರೆಯನ್ನು ಹೊರಬೇಕಾಗಿಲ್ಲ: ಬಸ್ ನಿಲ್ದಾಣದಲ್ಲಿ ಸಿಗುವ, ಮುದ್ರೆ ಒಡೆಯದ ಕುಡಿಯುವ ನೀರಿನ ಒಂದು ಲೀಟರ್ ಬಾಟಲಿಯೇ ಅಳತೆಯಾಗುತ್ತದೆ. ಅದರಿಂದ ಒಂದು ಲೋಟ ನೀರನ್ನು ಬೇರೆ ತೆಗೆದಿಟ್ಟು, ಪುಡಿಯನ್ನೆಲ್ಲ ಬಾಟಲಿಗೆ ಸುರಿದು ಕುಲುಕಿ, ತೆಗೆದ ನೀರನ್ನು ಮರಳಿ ತುಂಬಿಸಿದರೆ ದ್ರಾವಣ ಸಿದ್ಧ.