ಒಲೆ, ಚಾಪೆ, ಮಂಚ: ಬೆಂಗಳೂರಿನ ಹೊರವಲಯದ ಬಾಡಿಗೆ ವಸತಿ

ಅಗ್ಗದ ವಸತಿಯ ಚರಿತ್ರೆಯನ್ನು ಅರಿಯಬೇಕಾದರೆ ಕಟ್ಟಡಕ್ಕಿಂತ ಮೊದಲು ಒಲೆಯನ್ನು ನೋಡಬೇಕು. ತಂಗಿದವನು ತಾನೇ ಬೇಯಿಸಿಕೊಳ್ಳುತ್ತಾನೋ ಮನೆಯವರು ಬಡಿಸುತ್ತಾರೋ ಎಂಬುದರ ಮೇಲೆಯೇ ಬಾಡಿಗೆ, ಸಲುಗೆ, ಮರ್ಯಾದೆಗಳೆಲ್ಲ ನಿಂತಿರುತ್ತವೆ. ಎದೋ ಕಾಲದ (1603–1868) ಜಪಾನಿನಲ್ಲಿ ಈ ಭೇದ ಹೆಸರಿನಲ್ಲೇ ಇತ್ತು. ಊಟವಿಕ್ಕುವ ತಂಗುಮನೆಗೆ ‘ಹತಾಗೊ’ ಎಂದೂ, ಬಡ ಪ್ರಯಾಣಿಕನು ಸೌದೆಯ ಬೆಲೆಯನ್ನಷ್ಟೇ ತೆತ್ತು ತನ್ನ ಅಕ್ಕಿಯನ್ನು ತಾನೇ ಬೇಯಿಸಿಕೊಳ್ಳುತ್ತಿದ್ದ ಜಾಗಕ್ಕೆ ‘ಕಿಚಿನ್ ಯಾದೊ’, ಅಂದರೆ ಸೌದೆಕಾಸಿನ ತಂಗುದಾಣ ಎಂದೂ ಹೆಸರು. ರೈತರೂ ಬೆಸ್ತರೂ ಸ್ವಂತ ಮನೆಯ ಕೋಣೆಗಳನ್ನೇ ಬಿಟ್ಟುಕೊಟ್ಟು ಮನೆಯಡುಗೆ ಬಡಿಸುವ ‘ಮಿನ್‌ಶುಕು’ ಪದ್ಧತಿ ಬೆಳೆದದ್ದು ಇಪ್ಪತ್ತನೆಯ ಶತಮಾನದಲ್ಲಿ.

ಮೈಸೂರು ಸೀಮೆಯ ಛತ್ರಗಳು ಸೌದೆಕಾಸಿನ ತಂಗುದಾಣಕ್ಕೆ ಹತ್ತಿರದವು. ದಾರಿಹೋಕನಿಗೆ ಜಗಲಿ, ಬಾವಿ, ಅಡುಗೆಗೊಂದು ಮೂಲೆ, ಕೆಲವೆಡೆ ‘ಪಡಿ’ ಎಂಬ ಅಕ್ಕಿ ಬೇಳೆಯ ದಾನ ಅಲ್ಲಿ ಸಿಗುತ್ತಿದ್ದವು. ಬೆಂಗಳೂರು ರೈಲು ನಿಲ್ದಾಣದ ಬಳಿ ಗುಬ್ಬಿ ತೋಟದಪ್ಪನವರು ಕಟ್ಟಿಸಿದ ಛತ್ರ ಆ ಪರಂಪರೆಯದು. ಆದರೆ ಛತ್ರವಿದ್ದದ್ದು ಬಂದು ಹೋಗುವವರಿಗಾಗಿ. ಕಾರ್ಖಾನೆಗಳು ಊರಿಗೆ ತಂದದ್ದು ಬಂದು ವರ್ಷಗಟ್ಟಲೆ ಉಳಿಯುವವರನ್ನು.

ಜಾಲಹಳ್ಳಿಯಲ್ಲಿ 1950ರ ದಶಕದಲ್ಲಿ ನೆಲೆಗೊಂಡ ಎಚ್‌.ಎಂ.ಟಿ. ಮತ್ತು ಬಿ.ಇ.ಎಲ್. ಕಾರ್ಖಾನೆಗಳು ತಮ್ಮ ಕಾರ್ಮಿಕರಿಗೆ ಕಾಲೊನಿಗಳನ್ನು ಕಟ್ಟಿಕೊಟ್ಟವು. ಜಾಲಹಳ್ಳಿಯ ನೆರೆಯಲ್ಲೇ 1970ರ ದಶಕದಲ್ಲಿ ಬೆಳೆದ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ನಾಲ್ಕಾರು ಲೇತ್‌ಗಳನ್ನಿಟ್ಟುಕೊಂಡ ಸಣ್ಣ ಘಟಕಗಳೇ ಹೆಚ್ಚಾಗಿದ್ದು, ಅವುಗಳಿಗೆ ಕಾಲೊನಿ ಕಟ್ಟುವ ಶಕ್ತಿಯಿರಲಿಲ್ಲವಾದ್ದರಿಂದ, ವಸತಿಯ ಭಾರ ಲಗ್ಗೆರೆ, ಹೆಗ್ಗನಹಳ್ಳಿಗಳಂಥ ಸುತ್ತಲಿನ ಹಳ್ಳಿಗಳ ಮೇಲೆ ಬಿತ್ತು. ಒಂದೇ ಅಂಗಳ, ಒಂದೇ ನಲ್ಲಿ, ಒಂದೇ ಶೌಚಾಲಯವನ್ನು ಹಲವು ಸಂಸಾರಗಳು ಹಂಚಿಕೊಳ್ಳುವ ‘ವಠಾರ’ ಹಳೆಯ ಬೆಂಗಳೂರಿಗೆ ಹೊಸದಲ್ಲ. ಇಲ್ಲಿ ಅದು ಸಿಮೆಂಟ್ ಶೀಟಿನ ಸಾಲುಮನೆಯ ರೂಪ ತಳೆಯಿತು. ತುಮಕೂರು, ಮಂಡ್ಯ, ಉತ್ತರ ಕರ್ನಾಟಕಗಳಿಂದ ಬಂದ ನಾಲ್ಕೈದು ಹುಡುಗರು ಸೇರಿ ಒಂದು ‘ರೂಮು’ ಹಿಡಿದು, ಸೀಮೆಎಣ್ಣೆ ಸ್ಟೌವ್‌ನಲ್ಲಿ ಸರದಿಯಂತೆ ಅನ್ನ ಸಾರು ಮಾಡಿಕೊಂಡು, ಊರಿನಿಂದ ಬಂದ ರಾಗಿಹಿಟ್ಟನ್ನು ಡಬ್ಬಿಯಲ್ಲಿಟ್ಟು ಬಾಳಿದರು. ಬೆಳಗಾದರೆ ಚಾಪೆಗಳನ್ನು ಸುತ್ತಿ ಮೂಲೆಗೆ ಒರಗಿಸುತ್ತಿದ್ದುದರಿಂದ ಮಲಗಿದ್ದ ನೆಲವೇ ಅಡುಗೆಮನೆಯೂ ಊಟದ ಪಡಸಾಲೆಯೂ ಆಗುತ್ತಿತ್ತು; ರಾತ್ರಿಪಾಳಿ ಮುಗಿಸಿ ಬಂದವನು ಅದೇ ನೆಲದ ಒಂದು ಬದಿಯಲ್ಲಿ ಮತ್ತೆ ಚಾಪೆ ಬಿಚ್ಚುತ್ತಿದ್ದನು. ಈ ನಗರದ ಯಂತ್ರೋದ್ಯಮವನ್ನು ಹೊತ್ತ ಈ ಕೋಣೆಗಳಿಗೆ ಕೈಗಾರಿಕೆಯ ಇತಿಹಾಸದಲ್ಲಿ ಒಂದು ಅಧ್ಯಾಯವಾದರೂ ಸಲ್ಲಬೇಕು.

ಆರ್.ಕೆ. ಬಾಳಿಗರ ಮುಂದಾಳ್ತನದಲ್ಲಿ ರಾಜ್ಯ ಸರ್ಕಾರದ ಕಿಯೋನಿಕ್ಸ್ ಸಂಸ್ಥೆಯು ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರುಗಳ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನು 1978ರಲ್ಲಿ ಆರಂಭಿಸಿತು. ಆಂಗ್ಲೋ ಇಂಡಿಯನ್ನರಿಗಾಗಿ 1882ರಲ್ಲಿ ಹುಟ್ಟಿದ ವೈಟ್‌ಫೀಲ್ಡ್‌ನಲ್ಲಿ 1990ರ ದಶಕದ ಕೊನೆಗೆ ಐ.ಟಿ. ಪಾರ್ಕ್ ತೆರೆಯಿತು. ಇಂಥ ಕಡೆಗಳಲ್ಲಿ ಹೊಲ ಹೋಗಿ ಗ್ರಾಮಠಾಣಾ, ಎಂದರೆ ಊರಿನ ವಾಸದ ನೆಲ, ಮಾತ್ರ ಉಳಿದ ಕುಟುಂಬಗಳು ಹಳೆಯ ಮನೆಯ ಮೇಲೆ ಮಹಡಿಗಳನ್ನೇರಿಸಿ ಹೊಸಬರಿಗೆ ಕೊಟ್ಟವು. ಇಂಥ ವಸತಿಗೆ ಬಂದ ‘ಪಿ.ಜಿ.’ (ಪೇಯಿಂಗ್ ಗೆಸ್ಟ್) ಎಂಬ ಹೆಸರಿನ ಮೂಲಾರ್ಥ ಹಣ ಕೊಟ್ಟು ಮನೆಯವರೊಡನೆ ಇರುವ ಅತಿಥಿ ಎಂದೇ. ಆ ಅರ್ಥದಲ್ಲಿ ಅದು ಮಿನ್‌ಶುಕುವಿನ ಸೋದರಿ. ಆದರೆ ಕಟ್ಟಡವನ್ನು ಲೀಸಿಗೆ ಹಿಡಿದು ನಡೆಸುವವರು ಬಂದಮೇಲೆ ಮನೆಯವರೂ ಮನೆಯ ಒಲೆಯೂ ದೂರವಾಗಿ, ನೆಲಮಹಡಿಯ ದೊಡ್ಡ ಪಾತ್ರೆಗಳಲ್ಲಿ ನೂರಾರು ಜನರ ಸಾಂಬಾರು ಕುದಿಯತೊಡಗಿತು, ಬಾಡಿಗೆಯನ್ನು ಕೋಣೆಗಲ್ಲದೆ ‘ಟು ಶೇರಿಂಗ್’, ‘ತ್ರೀ ಶೇರಿಂಗ್’ ಎಂದು ಮಂಚಕ್ಕೆ ಕಟ್ಟುವ ರೂಢಿ ಬಂತು. ಚಾಪೆಯ ಜಾಗಕ್ಕೆ ಮಂಚ ಬಂದದ್ದು ಸೌಕರ್ಯವೆಂಬುದು ನಿಜ, ಆದರೆ ಒಟ್ಟಿಗೆ ಕೂತು ಉಣ್ಣುವ ನೆಲ ಹೋದದ್ದೂ ಅಷ್ಟೇ ನಿಜ.

ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯು 2024ರ ಆಗಸ್ಟ್‌ನಲ್ಲಿ ಪಿ.ಜಿ.ಗಳಿಗೆ ಮಾರ್ಗಸೂಚಿ ಹೊರಡಿಸಿ, ಒಬ್ಬರಿಗೆ ಕನಿಷ್ಠ 70 ಚದರಡಿ ಜಾಗ, ದಿನಕ್ಕೆ 135 ಲೀಟರ್ ನೀರು, ಅಡುಗೆಮನೆಗೆ ಆಹಾರ ಸುರಕ್ಷತಾ ಪರವಾನಗಿ ಇರಬೇಕೆಂದು ವಿಧಿಸಿತು. ಜಪಾನಿನಲ್ಲಿ ಕೋಣೆಯನ್ನು ಅಳೆಯುವುದು ‘ತತಾಮಿ’ ಎಂಬ ಹುಲ್ಲುಚಾಪೆಯಿಂದ. ಒಂದು ತತಾಮಿ ಸುಮಾರು ಆರಡಿ ಉದ್ದ, ಮೂರಡಿ ಅಗಲವಿರುವುದರಿಂದ 70 ಚದರಡಿಯೆಂದರೆ ಹೆಚ್ಚುಕಡಿಮೆ ನಾಲ್ಕು ತತಾಮಿಯಷ್ಟಾಗುತ್ತದೆ. ಅಲ್ಲಿ ಬೆಳಗಾದೊಡನೆ ಹಾಸಿಗೆ ಮಡಚಿ ಗೂಡು ಸೇರಿ ನಾಲ್ಕೂ ಚಾಪೆಯ ನೆಲ ಬರಿದಾಗುತ್ತದೆ; ಇಲ್ಲಿ ಒಂದು ಚಾಪೆಯಷ್ಟು ನೆಲವನ್ನು ಮಂಚ ಹಗಲೂ ರಾತ್ರಿಯೂ ಹಿಡಿದಿರುತ್ತದೆ.