ಸ್ಥೌಲ್ಯಚಿಕಿತ್ಸೆಯಲ್ಲಿ ಧಾನ್ಯವಿವೇಕ

ಮೈಯ ಕೊಬ್ಬನ್ನು ಕರಗಿಸಬೇಕೆಂದು ಸಂಕಲ್ಪಿಸಿದವರಲ್ಲಿ ಹಲವರು ಮೊದಲು ಕೈಬಿಡುವುದು ಅನ್ನವನ್ನು. ಧಾನ್ಯವೇ ಶತ್ರುವೆಂದು ಬಗೆದು ಕೆಲವು ದಿನ ಉಪವಾಸಪ್ರಾಯವಾಗಿದ್ದು, ಬಳಿಕ ಹಸಿವನ್ನು ತಾಳಲಾರದೆ ಹಳೆಯ ದಾರಿಗೇ ಮರಳುವರು. ಶರ್ಕರಪಿಷ್ಟಗಳನ್ನು ತ್ಯಜಿಸಬೇಕೋ, ಆರಿಸಿಕೊಳ್ಳಬೇಕೋ ಎಂಬ ಪ್ರಶ್ನೆಯು ಹೊಸತಲ್ಲ. ಅದಕ್ಕೆ ದೀರ್ಘವಾದ ಚರಿತ್ರೆಯುಂಟು.

ಚರಕಸಂಹಿತೆಯ ಸೂತ್ರಸ್ಥಾನದ 21ನೆಯ ಅಧ್ಯಾಯಕ್ಕೆ ಅಷ್ಟೌನಿಂದಿತೀಯವೆಂದು ಹೆಸರು. ನಿಂದಿತವಾದ ಎಂಟು ಬಗೆಯ ದೇಹಗಳನ್ನೆಣಿಸಿ, ಅವುಗಳಲ್ಲಿ ಅತಿಸ್ಥೂಲ, ಅತಿಕೃಶ ಎಂಬೆರಡನ್ನು ಅದು ವಿಸ್ತರಿಸಿ ವಿಚಾರಿಸುತ್ತದೆ. ಅತಿಭೋಜನ, ಮಧುರಸ್ನಿಗ್ಧವಾದ ಆಹಾರ, ಹಗಲುನಿದ್ರೆ, ವ್ಯಾಯಾಮದ ಅಭಾವ ಇವುಗಳೊಡನೆ ಬೀಜಸ್ವಭಾವವನ್ನೂ ಕಾರಣವಾಗಿ ಹೇಳಿರುವುದರಿಂದ, ಸ್ಥೂಲರೆಲ್ಲರನ್ನೂ ಹೊಟ್ಟೆಬಾಕರೆಂದು ಹಳಿಯುವುದು ಶಾಸ್ತ್ರಸಮ್ಮತವಲ್ಲ. ಮೇದಸ್ಸು ಸ್ರೋತಸ್ಸುಗಳನ್ನು ತಡೆಯಲು, ವಾಯುವು ಕೋಷ್ಠದಲ್ಲಿ ಸಂಚರಿಸಿ ಜಠರಾಗ್ನಿಯನ್ನು ಉದ್ದೀಪಿಸುವುದು. ಉಂಡದ್ದು ಬೇಗನೆ ಜೀರ್ಣವಾಗಿ ಮತ್ತೆ ಹಸಿವಾಗುವುದು ಎಂಬುದು ಆಚಾರ್ಯರ ವಿವರಣೆ. ಆದುದರಿಂದ ಸ್ಥೂಲನಿಗೆ ವಿಹಿತವಾದ ಆಹಾರವು ಗುರುವೂ ಅಪತರ್ಪಣವೂ ಆಗಿರತಕ್ಕದ್ದು. ಎಂದರೆ, ನಿಧಾನವಾಗಿ ಪಕ್ವವಾಗಿ ಹಸಿವನ್ನು ತಡೆಯಬೇಕು, ಆದರೆ ಮೈಯನ್ನು ಬೆಳೆಸಬಾರದು. ಜವೆ, ಶ್ಯಾಮಾಕ, ಪ್ರಿಯಂಗುವೆಂಬ ನವಣೆ, ಕೋದ್ರವವೆಂಬ ಹಾರಕ, ಹೆಸರು, ಹುರುಳಿ, ತೊಗರಿ ಇವು ಆ ಗಣನೆಗೆ ಸೇರಿವೆ. ಕೃಶನನ್ನು ಪುಷ್ಟಗೊಳಿಸುವುದಕ್ಕೆ ಅದೇ ಅಧ್ಯಾಯವು ಹೇಳುವುದಾದರೋ ಶಾಲಿಯ ಅಕ್ಕಿ, ಗೋದಿ, ಬೆಲ್ಲದ ಭಕ್ಷ್ಯಗಳನ್ನು. ಇಲ್ಲಿ ಧಾನ್ಯದ ನಿಷೇಧವಿಲ್ಲ. ದೇಹವನ್ನರಿತು ಮಾಡಿದ ಆಯ್ಕೆಯಿದೆ.

ಪಶ್ಚಿಮದಲ್ಲಿ ಈ ವಿಚಾರವು ಜನಜನಿತವಾದದ್ದು ಲಂಡನ್ನಿನ ವಿಲಿಯಂ ಬ್ಯಾಂಟಿಂಗ್ ಎಂಬಾತನಿಂದ. ಶವಸಂಸ್ಕಾರದ ಏರ್ಪಾಡುಗಳನ್ನು ನಡೆಸುವುದು ಆತನ ವೃತ್ತಿ. 1862ರಲ್ಲಿ 202 ಪೌಂಡು ತೂಗುತ್ತಿದ್ದ ಆತನು ಬಗ್ಗಿ ಪಾದರಕ್ಷೆಯ ದಾರವನ್ನು ಕಟ್ಟಲಾರದವನಾಗಿ, ಮೆಟ್ಟಿಲುಗಳನ್ನು ಹಿಮ್ಮುಖನಾಗಿ ಇಳಿಯುತ್ತಿದ್ದನು. ಕಿವಿ ಮಂದವಾಯಿತೆಂದು ವಿಲಿಯಂ ಹಾರ್ವೆ ಎಂಬ ವೈದ್ಯನ ಬಳಿಗೆ ಹೋಗಲು (ರಕ್ತಪರಿಚಲನೆಯನ್ನು ಕಂಡುಹಿಡಿದ ಹಾರ್ವೆ ಬೇರೆ), ಆ ವೈದ್ಯನು ರೊಟ್ಟಿ, ಬೆಣ್ಣೆ, ಹಾಲು, ಸಕ್ಕರೆ, ಬಿಯರು, ಆಲೂಗೆಡ್ಡೆಗಳನ್ನು ಬಿಡಿಸಿದನು. ಯಕೃತ್ತು ಮತ್ತು ಶರ್ಕರೆಗಳ ಸಂಬಂಧವನ್ನು ಕುರಿತು ಕ್ಲೋದ್ ಬರ್ನಾರನು ಪ್ಯಾರಿಸಿನಲ್ಲಿ ಮಾಡಿದ ಉಪನ್ಯಾಸಗಳು ಈ ಪಥ್ಯಕ್ಕೆ ಪ್ರೇರಕವಾಗಿದ್ದುವು. ಸುಮಾರು ಒಂದು ವರ್ಷದಲ್ಲಿ ಬ್ಯಾಂಟಿಂಗನ ತೂಕ 46 ಪೌಂಡು ಇಳಿಯಿತು. 1863ರಲ್ಲಿ ಆತನು ತನ್ನ ಅನುಭವವನ್ನು ಸ್ವಂತ ವೆಚ್ಚದಲ್ಲಿ ಅಚ್ಚುಮಾಡಿಸಿ ಹಂಚಿದನು. ಆ ಹೆಸರೇ ಕ್ರಿಯಾಪದವಾಗಿ, ಸ್ವೀಡಿಷ್ ಭಾಷೆಯಲ್ಲಿ ಪಥ್ಯದಿಂದ ಮೈಯಿಳಿಸುವುದಕ್ಕೆ ಇಂದಿಗೂ ‘ಬಾಂಟಾ’ ಎನ್ನುವರು. ಆದರೆ ಒಂದಂಶವನ್ನು ಜನರು ಮರೆಯುವುದುಂಟು: ಆ ಪಥ್ಯದಲ್ಲಿಯೂ ಊಟದೊಡನೆ ಒಂದು ಔನ್ಸಿನಷ್ಟು ಸುಟ್ಟ ಒಣರೊಟ್ಟಿಗೆ ಅವಕಾಶವಿದ್ದಿತು, ಹಣ್ಣೂ ಇದ್ದಿತು.

ಆಧುನಿಕ ಶೋಧನೆಯು ಈ ವಿವೇಕಕ್ಕೆ ಅಳತೆಯನ್ನೊದಗಿಸಿದೆ. ರಕ್ತದಲ್ಲಿ ಸಕ್ಕರೆಯನ್ನು ಎಷ್ಟರಮಟ್ಟಿಗೆ ಏರಿಸುತ್ತವೆಂಬುದನ್ನು ಅನುಸರಿಸಿ ಟೊರಾಂಟೋವಿನ ಡೇವಿಡ್ ಜೆಂಕಿನ್ಸ್ ಮತ್ತು ಸಹೋದ್ಯೋಗಿಗಳು 1981ರಲ್ಲಿ ಆಹಾರಗಳನ್ನು ಶ್ರೇಣಿಗೊಳಿಸಿದರು. ಕಾಳುಗಳು ಅದನ್ನು ಮಂದವಾಗಿ ಏರಿಸುವ ವರ್ಗಕ್ಕೆ ಸೇರಿದುವು. 2018ರಲ್ಲಿ ಪ್ರಕಟವಾದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಪರೀಕ್ಷೆಯಲ್ಲಿ 609 ಮಂದಿ ಒಂದು ವರ್ಷ ಪಥ್ಯದಲ್ಲಿದ್ದರು. ಪಿಷ್ಟವನ್ನು ತಗ್ಗಿಸಿದವರಿಗೂ ಕೊಬ್ಬನ್ನು ತಗ್ಗಿಸಿದವರಿಗೂ ತೂಕದ ಇಳಿತದಲ್ಲಿ ಗಣನೀಯವಾದ ಅಂತರವು ಕಾಣಲಿಲ್ಲ. ಸಕ್ಕರೆಯನ್ನೂ ನಯವಾದ ಬಿಳಿಯ ಹಿಟ್ಟನ್ನೂ ಕಡಮೆಮಾಡಿ ತರಕಾರಿಯನ್ನು ಹೆಚ್ಚಿಸಬೇಕೆಂಬ ಉಪದೇಶವು ಎರಡು ಪಂಗಡಗಳಿಗೂ ಸಮಾನವಾಗಿದ್ದಿತು.

ನವಣೆ, ಹಾರಕ, ಹುರುಳಿಗಳು ಕನ್ನಡನಾಡಿನ ಹೊಲಗಳಿಗೆ ಹೊಸಬೆಳೆಗಳಲ್ಲ. ಆದರೆ ಅಕ್ಕಿಯ ಬದಲಿಗೆ ನವಣೆಯನ್ನು ಬಡಿಸಿಕೊಂಡು ಪ್ರಮಾಣವನ್ನು ಮರೆತರೆ ಫಲವಿಲ್ಲ, ನವಣೆಯೂ ಧಾನ್ಯವೇ. ಸ್ಥೌಲ್ಯವನ್ನು ನೀಗಬಯಸುವವನು ವ್ಯಾಯಾಮಾದಿಗಳನ್ನು ಕ್ರಮಕ್ರಮವಾಗಿ ಹೆಚ್ಚಿಸಬೇಕೆಂದು ಚರಕಸಂಹಿತೆಯು ವಿಧಿಸಿದೆ. ಊಟದ ವಿಷಯದಲ್ಲಿಯೂ ಅದೇ ನ್ಯಾಯವು ಸಲ್ಲುವುದು. ಬಹುಕಾಲ ನಡೆಸಲಾರದ ಪಥ್ಯವು ಎಷ್ಟು ಕಠಿನವಾಗಿದ್ದರೂ ಪ್ರಯೋಜನಕ್ಕೆ ಬಾರದು; ಹಸಿವನ್ನು ತಣಿಸಿ, ಮಿತದಲ್ಲಿ ನಿಲ್ಲಿಸುವ ಧಾನ್ಯವನ್ನು ಆರಿಸಿಕೊಂಡವನಿಗೆ ಅನ್ನವನ್ನು ದ್ವೇಷಿಸಬೇಕಾದ ಕಾರಣವಿಲ್ಲ.